ಪ್ರತಿಜ್ಞೆಯ ಎರಡು ಅರ್ಥಗಳು

‘ಪ್ರತಿಜ್ಞೆ’ ಎಂಬ ಶಬ್ದಕ್ಕೆ ನಮ್ಮಲ್ಲಿ ಎರಡು ಅರ್ಥಗಳುಂಟು. ಲೋಕವ್ಯವಹಾರದಲ್ಲಿ ಅದು ಕೊಟ್ಟ ಮಾತು. ‘ಇದನ್ನು ನಡೆಸಿಯೇ ತೀರುವೆನು’ ಎಂದು ಒಬ್ಬನು ತನ್ನನ್ನು ತಾನೇ ಕಟ್ಟಿಕೊಳ್ಳುವ ಕಟ್ಟು. ತರ್ಕಶಾಸ್ತ್ರದಲ್ಲಾದರೋ ಅದು ಪಂಚಾವಯವ ವಾಕ್ಯದ ಮೊದಲನೆಯ ಅವಯವವು. ಸಾಧಿಸಬೇಕಾದುದನ್ನು ಸಭೆಯ ಮುಂದೆ ಇಡುವ ಮಾತು. ಪರ್ವತದಲ್ಲಿ ಬೆಂಕಿಯಿದೆ ಎಂದು ವಾದಿಯು ಹೇಳಿದಾಗ, ಆ ಬೆಂಕಿಯನ್ನು ತಂದುಕೊಡುವೆನೆಂದು ಅವನು ಯಾರಿಗೂ ವಚನವಿತ್ತಿಲ್ಲ. ಹೇತುವನ್ನೂ ಉದಾಹರಣೆಯನ್ನೂ ಕೊಟ್ಟು ತನ್ನ ಪಕ್ಷವನ್ನು ಸ್ಥಾಪಿಸುವ ಭಾರವನ್ನು ಮಾತ್ರ ಹೊತ್ತಿದ್ದಾನೆ. ಮೊದಲನೆಯ ಅರ್ಥದ ಪ್ರತಿಜ್ಞೆಯು ನೆರವೇರದಿದ್ದರೆ ಅದು ವಚನಭಂಗ. ಎರಡನೆಯದು ನಿಲ್ಲದೆ ಹೋದರೆ ಅದು ವಾದದಲ್ಲಿ ಸೋಲು. ವಚನಭಂಗಕ್ಕೆ ಪಾಪದ ಹೆಸರುಂಟು. ಸೋಲಿಗೆ ಆ ಹೆಸರಿಲ್ಲ. ಸೋತ ವಾದಿಯು ಮನೆಗೆ ಹೋಗಿ ಮರುದಿನ ಮತ್ತೆ ಪುಸ್ತಕವನ್ನು ಬಿಚ್ಚಬಹುದು.

ಈ ಎರಡು ಅರ್ಥಗಳು ಒಂದೇ ಮಾತಿನಲ್ಲಿ ಕೂಡಿಕೊಂಡು, ಹೇಳುವವನು ಒಂದನ್ನೂ ಕೇಳುವವನು ಮತ್ತೊಂದನ್ನೂ ಗ್ರಹಿಸಿದರೆ ಏನಾಗುವುದು? ಅಲ್ಲಿ ಹೊಣೆಯು ಯಾರದು? ಈ ಪ್ರಶ್ನೆಯನ್ನು ವಿಚಾರಿಸುವುದಕ್ಕೆ ನಮ್ಮ ಕಾಲವು ಒಂದು ಒಳ್ಳೆಯ ದೃಷ್ಟಾಂತವನ್ನು ಒದಗಿಸಿದೆ. ಸೂರ್ಯನ ಬೆಳಕಿನ ನೆರವಿನಿಂದ ಓಡುವ ವಿದ್ಯುತ್ ಮೋಟಾರುಗಾಡಿಯನ್ನು ಕಟ್ಟಿ ಮಾರುವೆವೆಂದು ಯೂರೋಪು ಅಮೆರಿಕಗಳಲ್ಲಿ ಹೊರಟ ಹೊಸ ಕಂಪೆನಿಗಳ ವೃತ್ತಾಂತವೇ ಅದು.

ಬಿಸಿಲಿನಿಂದ ಗಾಡಿಯನ್ನು ಓಡಿಸಬೇಕೆಂಬ ಆಸೆಯು ಹೊಸದಲ್ಲ. 1955ರಲ್ಲಿ ಚಿಕಾಗೋ ನಗರದ ಪ್ರದರ್ಶನವೊಂದರಲ್ಲಿ ಜನರಲ್ ಮೋಟಾರ್ಸ್ ಕಂಪೆನಿಯ ವಿಲಿಯಂ ಕಾಬ್ ಎಂಬವರು ಹದಿನೈದು ಇಂಚು ಉದ್ದದ, ಆಟಿಕೆಯಂಥ ಕಾರೊಂದನ್ನು ಸೆಲೆನಿಯಂ ಕೋಶಗಳ ಬಲದಿಂದ ನಡೆಸಿ ತೋರಿಸಿದರು. 1987ರಲ್ಲಿ ಆಸ್ಟ್ರೇಲಿಯದ ಡಾರ್ವಿನ್‌ನಿಂದ ಅಡಿಲೇಡಿನವರೆಗೆ, ಸುಮಾರು 3,000 ಕಿಲೋಮೀಟರು ದೂರದ ಸೌರವಾಹನಗಳ ಪಂದ್ಯವು ಆರಂಭವಾಯಿತು. ಅಲ್ಲಿಂದೀಚೆಗೆ ನಾನಾ ದೇಶಗಳ ವಿದ್ಯಾರ್ಥಿಗಳು ಆ ಮರುಭೂಮಿಯ ದಾರಿಯಲ್ಲಿ ತಮ್ಮ ವಿದ್ಯೆಯನ್ನು ಒರೆಗೆ ಹಚ್ಚುತ್ತ ಬಂದಿದ್ದಾರೆ. ನಮ್ಮ ಬೆಂಗಳೂರಿನ ಚೇತನ್ ಮೈನಿಯವರೂ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಅಂಥದೊಂದು ವಾಹನವನ್ನು ಕಟ್ಟಿದ ತಂಡದಲ್ಲಿದ್ದವರು. ಈ ಪಂದ್ಯಗಳಲ್ಲಿ ಯಾರೂ ಯಾರಿಗೂ ಏನನ್ನೂ ಮಾರುವುದಿಲ್ಲ. ಗಾಡಿಯು ನಡುದಾರಿಯಲ್ಲಿ ನಿಂತರೆ ನಷ್ಟವೆಲ್ಲ ಹೂಡಿದವರದೇ. ಅಲ್ಲಿಯ ಪ್ರತಿಜ್ಞೆಯು ಶುದ್ಧವಾದ ತರ್ಕಪ್ರತಿಜ್ಞೆಯು.

ವಿಷಯವು ತೊಡಕಾದುದು ಪಂದ್ಯದ ಗಾಡಿಯು ಅಂಗಡಿಯ ಸರಕಾಗಲು ಹೊರಟಾಗ. ಮೂರು ಉದಾಹರಣೆಗಳನ್ನು ನೋಡೋಣ.

ಜರ್ಮನಿಯ ಮ್ಯೂನಿಕ್ ನಗರದಲ್ಲಿ 2016ರಲ್ಲಿ ಕೆಲವರು ತರುಣರು ‘ಸೋನೋ ಮೋಟಾರ್ಸ್’ ಎಂಬ ಕಂಪೆನಿಯನ್ನು ಸ್ಥಾಪಿಸಿದರು. ಮೈಯೆಲ್ಲ ಸೌರಕೋಶಗಳನ್ನು ಹೊದ್ದ ‘ಸಿಯಾನ್’ ಎಂಬ ಕಾರು ಅವರ ಸಂಕಲ್ಪ. ಬಿಸಿಲೊಂದರಿಂದಲೇ ವಾರಕ್ಕೆ ಸರಾಸರಿ 112 ಕಿಲೋಮೀಟರು ಓಡಬಹುದೆಂದು ಅವರು ಹೇಳಿದರು. ದೊಡ್ಡ ಬಂಡವಾಳಗಾರರ ಹಂಗು ಬೇಡವೆಂದು ಜನಸಾಮಾನ್ಯರನ್ನೇ ನೆಚ್ಚಿ, 2019ರ ಡಿಸೆಂಬರಿನಲ್ಲಿ ಹಣಕ್ಕಾಗಿ ಬಹಿರಂಗವಾಗಿ ಪ್ರಾರ್ಥಿಸಿದರು. ಐವತ್ತು ದಿನಗಳಲ್ಲಿ 5 ಕೋಟಿ ಯೂರೋಗಳಿಗೂ ಮಿಕ್ಕು ವಾಗ್ದಾನವು ಬಂದಿತು. ಆದರೆ ಉತ್ಪಾದನೆಯ ಕಾಲವು ವರ್ಷದಿಂದ ವರ್ಷಕ್ಕೆ ಮುಂದೆ ಸರಿಯಿತು; ಬ್ಯಾಟರಿಯನ್ನು ಬಿಟ್ಟು 16,000 ಯೂರೋ ಎಂದಿದ್ದ ಬೆಲೆಯು 2022ರ ಹೊತ್ತಿಗೆ ಬ್ಯಾಟರಿ ಸಹಿತ 29,900 ಎಂದಾಯಿತು. 2023ರ ಫೆಬ್ರವರಿ 24ರಂದು ಕಾರಿನ ಯೋಜನೆಯನ್ನೇ ಕೈಬಿಟ್ಟು, ಇನ್ನು ಮುಂದೆ ಬಸ್ಸು ಲಾರಿಗಳಿಗೆ ಸೌರಫಲಕಗಳನ್ನು ಅಳವಡಿಸುವುದೇ ತಮ್ಮ ಕೆಲಸವೆಂದು ಸಾರಿದರು. ಮುಂಗಡವನ್ನು ಕಂತುಗಳಲ್ಲಿ ಹಿಂದಿರುಗಿಸುವೆವೆಂದು ಹೇಳಿದರು. ಅದೇ ವರ್ಷದ ಮೇ ತಿಂಗಳಲ್ಲಿ ಸಾಲ ತೀರಿಸಲಾರೆವೆಂದು ನ್ಯಾಯಾಲಯದ ಮೊರೆಹೊಕ್ಕರು.

ಎರಡನೆಯದು ಹಾಲೆಂಡಿನ ‘ಲೈಟ್‌ಇಯರ್’. ಆಸ್ಟ್ರೇಲಿಯದ ಪಂದ್ಯದಲ್ಲಿ ಗೆದ್ದ ಐಂಧೋವನ್ ನಗರದ ವಿದ್ಯಾರ್ಥಿಗಳೇ 2016ರಲ್ಲಿ ಇದನ್ನು ಹುಟ್ಟಿಸಿದವರು. ಐದು ಚದರ ಮೀಟರು ಸೌರಫಲಕವುಳ್ಳ ಅವರ ಕಾರು 2022ರ ಕೊನೆಯಲ್ಲಿ ಫಿನ್ಲೆಂಡಿನ ಕಾರ್ಖಾನೆಯಲ್ಲಿ ನಿಜವಾಗಿಯೂ ತಯಾರಾಗತೊಡಗಿತು. ಅದರ ಬೆಲೆ 2,50,000 ಯೂರೋ. ಆದರೆ 2023ರ ಜನವರಿಯಲ್ಲಿ, ಅಗ್ಗವಾದ ಎರಡನೆಯ ಕಾರಿನ ಕಡೆಗೆ ಗಮನವೀಯುವೆವೆಂದು ಹೇಳಿ ಮೊದಲನೆಯದರ ಉತ್ಪಾದನೆಯನ್ನು ನಿಲ್ಲಿಸಿದರು. ಕೆಲವೇ ದಿನಗಳಲ್ಲಿ ಅದನ್ನು ತಯಾರಿಸುತ್ತಿದ್ದ ಅಂಗಸಂಸ್ಥೆಯು ದಿವಾಳಿಯೆತ್ತಿತು.

ಮೂರನೆಯದು ಅಮೆರಿಕದ ಕ್ಯಾಲಿಫೋರ್ನಿಯದ ‘ಆಪ್ಟೆರಾ’. ಇದಕ್ಕೆ ಎರಡು ಜನ್ಮಗಳುಂಟು. ಮೊದಲನೆಯ ಕಂಪೆನಿಯು 2011ರಲ್ಲಿ ಮುಚ್ಚಿಹೋಯಿತು. ಆದರೆ ಮುಚ್ಚುವ ಮೊದಲೇ ಮುಂಗಡ ಕೊಟ್ಟವರಿಗೆ ಅವರವರ ಹಣವನ್ನು ಹಿಂದಿರುಗಿಸಿತ್ತು. ಮೊದಲು ಅದನ್ನು ಸ್ಥಾಪಿಸಿದವರೇ 2019ರಲ್ಲಿ ಅದೇ ಹೆಸರಿನಿಂದ ಮತ್ತೆ ಉದ್ಯಮವನ್ನು ಹೂಡಿದರು. ಮೂರು ಚಕ್ರಗಳ, ಮೀನಿನಂತೆ ನುಣುಪಾದ ಒಡಲಿನ ಗಾಡಿ. ಸುಮಾರು 700 ವಾಟಿನ ಸೌರಫಲಕಗಳು. ದಿನಕ್ಕೆ 40 ಮೈಲಿಯವರೆಗೆ ಬಿಸಿಲಿನಿಂದಲೇ ಓಡುವುದೆಂಬ ಘೋಷಣೆ. ಸಾವಿರಾರು ಮಂದಿ ಸಣ್ಣ ಹೂಡಿಕೆದಾರರು ಷೇರುಗಳನ್ನು ಕೊಂಡರು. ಮೊದಲು 2021 ಎಂದಿದ್ದ ಉತ್ಪಾದನೆಯ ಕಾಲವು ಮುಂದೆ ಮುಂದೆ ಹೋಗಿ, 2024 ಮುಗಿಯುವವರೆಗೂ ಕಾಯ್ದಿರಿಸಿದವರ ಕೈಗೆ ಗಾಡಿಯು ಬರಲಿಲ್ಲ.

ಇನ್ನು, ಈ ಘೋಷಣೆಗಳು ಸುಳ್ಳೋ ನಿಜವೋ ಎಂಬುದನ್ನು ಮನೆಯ ಲೆಕ್ಕದಿಂದಲೇ ಪರೀಕ್ಷಿಸಬಹುದು. ನೆತ್ತಿಯ ಮೇಲೆ ಸೂರ್ಯನಿರುವಾಗ ಒಂದು ಚದರ ಮೀಟರು ನೆಲದ ಮೇಲೆ ಬೀಳುವ ಬೆಳಕಿನ ಶಕ್ತಿಯು ಸುಮಾರು 1,000 ವಾಟು. ಒಳ್ಳೆಯ ಸೌರಕೋಶವು ಅದರಲ್ಲಿ ಐದನೆಯ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚನ್ನು ವಿದ್ಯುತ್ತಾಗಿ ಮಾರ್ಪಡಿಸಬಲ್ಲುದು. 700 ವಾಟಿನ ಫಲಕವು ಐದು ತಾಸು ಪೂರ್ಣವಾದ ಬಿಸಿಲನ್ನು ಉಂಡರೆ ಮೂರೂವರೆ ಯೂನಿಟ್ಟು ವಿದ್ಯುತ್ತು ದೊರೆಯುವುದು. ಸಾಧಾರಣವಾದ ವಿದ್ಯುತ್ ಕಾರು ಒಂದು ಯೂನಿಟ್ಟಿಗೆ ಆರೇಳು ಕಿಲೋಮೀಟರು ಓಡುತ್ತದೆ. ಆ ಲೆಕ್ಕದಲ್ಲಿ ಮೂರೂವರೆ ಯೂನಿಟ್ಟಿಗೆ ಇಪ್ಪತ್ತೆರಡು ಇಪ್ಪತ್ತಮೂರು ಕಿಲೋಮೀಟರು. ಗಾಡಿಯನ್ನು ಬಹಳ ಹಗುರವಾಗಿಯೂ ಗಾಳಿಯನ್ನು ಸೀಳುವಂತೆಯೂ ಮಾಡಿ, ಯೂನಿಟ್ಟಿಗೆ ಹದಿನಾರು ಕಿಲೋಮೀಟರು ಓಡಿಸಿದರೆ ಐವತ್ತಾರು. 40 ಮೈಲಿಯೆಂದರೆ ಅರವತ್ತನಾಲ್ಕು ಕಿಲೋಮೀಟರು. ಇಷ್ಟು ಆಗಬೇಕಾದರೆ ಬೇಸಗೆಯ ದೀರ್ಘವಾದ ಹಗಲು ಬೇಕು, ಮೋಡವಿರಬಾರದು, ಗಾಡಿಯನ್ನು ಮರದ ನೆರಳಿನಲ್ಲಿಯೂ ಕೊಟ್ಟಿಗೆಯಲ್ಲಿಯೂ ನಿಲ್ಲಿಸಬಾರದು. ಬಾಗಿದ ಒಡಲಿನ ಎಲ್ಲ ಭಾಗಗಳೂ ಒಂದೇ ಕಾಲಕ್ಕೆ ಸೂರ್ಯನಿಗೆ ಎದುರಾಗಿರಲಾರವು ಎಂಬುದು ಬೇರೆ.

ಆದಕಾರಣ ಆ ಮಾತು ಸುಳ್ಳಲ್ಲ. ನಿಜದ ಅಂಚಿನಲ್ಲಿ ನಿಂತಿರುವ ಮಾತು. ಮೀಮಾಂಸಕರ ಪರಿಭಾಷೆಯಲ್ಲಿ ಹೇಳುವುದಾದರೆ ಅದು ಅರ್ಥವಾದ. ಅರ್ಥವಾದವು ಹೊಗಳಿಕೆಯ ವಾಕ್ಯ. ಅದಕ್ಕೆ ಸ್ವತಂತ್ರವಾದ ಪ್ರಾಮಾಣ್ಯವಿಲ್ಲ, ವಿಧಿವಾಕ್ಯಕ್ಕೆ ಅಂಗವಾಗಿ ನಿಂತಾಗಲೇ ಅದಕ್ಕೆ ಬೆಲೆ. ವ್ಯಾಪಾರದಲ್ಲಿ ವಿಧಿವಾಕ್ಯವಾವುದು? ‘ಇಂಥ ದಿನ, ಇಷ್ಟು ಬೆಲೆಗೆ, ಇಂಥ ವಸ್ತುವನ್ನು ಕೊಡುವೆನು’ ಎಂಬುದು. ದಿನವು ಸರಿಯುತ್ತ, ಬೆಲೆಯು ಏರುತ್ತ ಹೋದಾಗ ವಿಧಿಯು ಕರಗಿ, ಅರ್ಥವಾದವೊಂದೇ ಉಳಿಯಿತು. ಜನರು ನಂಬಿದ್ದು ಆ ಉಳಿದುದನ್ನು.

ಈಗ ಪೂರ್ವಪಕ್ಷಗಳನ್ನು ಕೇಳೋಣ. ಒಂದು ಪಕ್ಷದವರು ಹೀಗೆನ್ನುತ್ತಾರೆ: ‘ಕಟ್ಟದ ಗಾಡಿಗೆ ಬೆಲೆಯನ್ನು ಹೇಳಿ ಹಣವನ್ನು ತೆಗೆದುಕೊಂಡದ್ದೇ ಅನೃತ. ಮನಸ್ಸಿನಲ್ಲಿ ವಂಚನೆಯಿಲ್ಲದಿದ್ದರೇನು? ತನ್ನಲ್ಲಿಲ್ಲದುದನ್ನು ಇದೆಯೆಂಬಂತೆ ಮಾರಿದವನು ಕಳ್ಳನಲ್ಲದಿದ್ದರೂ ಸತ್ಯವಂತನಲ್ಲ.’ ಮತ್ತೊಂದು ಪಕ್ಷದವರ ಮಾತು: ‘ಹೀಗೆ ಕಟ್ಟುಮಾಡಿದರೆ ಲೋಕದಲ್ಲಿ ಹೊಸದೊಂದೂ ಹುಟ್ಟಲಾರದು. ಮೊದಲ ರೈಲನ್ನೂ ಮೊದಲ ವಿಮಾನವನ್ನೂ ಕಟ್ಟಿದವರು ಸಿದ್ಧವಾಗದುದನ್ನು ಸಿದ್ಧವಾಗುವುದೆಂದು ನಂಬಿದವರೇ. ಆಸೆಯಿಲ್ಲದೆ ಉದ್ಯಮವಿಲ್ಲ, ಮುಂದಾಗಿ ಹಣವಿಲ್ಲದೆ ಕಾರ್ಖಾನೆಯಿಲ್ಲ. ಸೋತವರನ್ನು ಸುಳ್ಳರೆಂದು ಹಳಿದರೆ ಮುಂದೆ ಪ್ರಯತ್ನಿಸುವವರು ಯಾರು?’

ಎರಡು ಪಕ್ಷಗಳಲ್ಲಿಯೂ ನಿಜಾಂಶವಿದೆ. ಅದನ್ನು ಬೇರ್ಪಡಿಸಲು ನಮ್ಮ ಹಳ್ಳಿಗಳಲ್ಲಿ ಎಲ್ಲರೂ ಬಲ್ಲ ಎರಡು ವ್ಯವಹಾರಗಳನ್ನು ಹೋಲಿಸಿ ನೋಡಬಹುದು. ಬಡಗಿಗೆ ಬಾಗಿಲು ಮಾಡಿಕೊಡೆಂದು ಮುಂಗಡ ಕೊಡುತ್ತೇವೆ. ಮರವು ಅವನ ಮುಂದಿದೆ, ವಿದ್ಯೆಯು ಅವನ ಕೈಯಲ್ಲಿದೆ. ಆದುದರಿಂದ ಬಾಗಿಲು ಬರದಿದ್ದರೆ ಅದು ಅವನ ವಚನಭಂಗ. ಕೊಳವೆಬಾವಿ ಕೊರೆಯುವವನಿಗೂ ಹಣ ಕೊಡುತ್ತೇವೆ. ಆದರೆ ಅವನು ನೀರಿಗೆ ಮಾತು ಕೊಡುವುದಿಲ್ಲ. ಅಡಿಗೆ ಇಷ್ಟೆಂದು ದರವನ್ನು ಹೇಳುತ್ತಾನೆ. ನೀರು ಬಂದರೂ ಬಾರದಿದ್ದರೂ ಅಡಿಯ ಲೆಕ್ಕ. ಒಣಬಾವಿಯ ಮುಂದೆ ನಿಂತ ರೈತನು ದೈವವನ್ನು ಹಳಿದಾನೇ ಹೊರತು, ಕೊರೆದವನು ತನ್ನನ್ನು ವಂಚಿಸಿದನೆಂದು ಹೇಳಲಾರನು. ಏಕೆಂದರೆ ಸಂಶಯವು ಮೊದಲಿನಿಂದಲೇ ಕರಾರಿನೊಳಗೆ ಸೇರಿತ್ತು.

ಹೊಸ ಉದ್ಯಮವು ಸ್ವಭಾವತಃ ಬಾವಿ ಕೊರೆಯುವ ಕೆಲಸ. ಒಂದು ಮಾದರಿ ಗಾಡಿಯನ್ನು ಕಟ್ಟುವುದಕ್ಕೂ, ಅಂಥದೇ ಗಾಡಿಗಳನ್ನು ಸಾವಿರಗಟ್ಟಲೆ, ಕಾನೂನಿನ ಪರೀಕ್ಷೆಗಳಲ್ಲಿ ಗೆದ್ದು, ಹೇಳಿದ ಬೆಲೆಗೆ ಕಟ್ಟುವುದಕ್ಕೂ ನೆಲಕ್ಕೂ ಮುಗಿಲಿಗೂ ಇರುವ ಅಂತರವುಂಟು. ಅಚ್ಚುಗಳಿಗೆ, ಯಂತ್ರಗಳಿಗೆ, ಅಪಘಾತದ ಪರೀಕ್ಷೆಗಳಿಗೆ ಕೋಟಿಗಟ್ಟಲೆ ಹಣ ಬೇಕು; ಆ ಹಣವು ಬಂಡವಾಳದ ಪೇಟೆಯ ಇಂದಿನ ಒಲವು ನಾಳಿನ ಮುನಿಸುಗಳಿಗೆ ಅಧೀನವಾದುದು. ಇದು ಉದ್ಯಮಿಯ ಕೈಯಲ್ಲಿಲ್ಲ. ಇದರಲ್ಲಿ ಅವಮಾನವೇನೂ ಇಲ್ಲ. ಅಪರಾಧವು ಹುಟ್ಟುವುದು ಬಾವಿ ಕೊರೆಯುವವನು ಬಡಗಿಯ ಮಾತನ್ನಾಡಿದಾಗ. ‘ಕಾಯ್ದಿರಿಸಿ’, ‘ಬಣ್ಣವನ್ನು ಆರಿಸಿ’, ‘ಇಂಥ ವರ್ಷ ನಿಮ್ಮ ಮನೆಯ ಮುಂದೆ’ ಎಂಬಿವೆಲ್ಲ ಬಡಗಿಯ ಮಾತುಗಳು. ಅದೇ ಕಂಪೆನಿಯು ಷೇರು ಮಾರುವಾಗ ಅಮೆರಿಕದ ಕಾನೂನಿನಂತೆ ಒಪ್ಪಿಸಬೇಕಾದ ಪತ್ರದಲ್ಲಿ ಅಪಾಯಗಳನ್ನೆಲ್ಲ ಪಟ್ಟಿಮಾಡಿರುತ್ತದೆ. ಅದು ಬಾವಿಯವನ ಮಾತು. ಒಂದೇ ಬಾಯಿ, ಎರಡು ಭಾಷೆ. ಮೊದಲನೆಯದನ್ನು ಎಲ್ಲರೂ ಕೇಳುವಂತೆ ಸಾರಿ, ಎರಡನೆಯದನ್ನು ಸಣ್ಣ ಅಕ್ಷರಗಳಲ್ಲಿ ಇಟ್ಟರೆ, ಪ್ರತಿಯೊಂದು ವಾಕ್ಯವೂ ನಿಜವಾಗಿದ್ದು ಒಟ್ಟು ಮಾತು ಸತ್ಯವಾಗದೆ ಹೋಗುತ್ತದೆ.

ಇನ್ನು ಹಣದ ವಿಚಾರ. ನಮ್ಮ ಧರ್ಮಶಾಸ್ತ್ರಕಾರರು ವ್ಯವಹಾರಪದಗಳನ್ನು ಹದಿನೆಂಟಾಗಿ ವಿಂಗಡಿಸಿದರು. ಸಾಲವು ಒಂದು, ನಂಬಿ ಇಟ್ಟ ನಿಕ್ಷೇಪವು ಇನ್ನೊಂದು, ಕೂಡಿ ವ್ಯಾಪಾರ ಮಾಡುವ ಸಂಭೂಯಸಮುತ್ಥಾನವು ಮತ್ತೊಂದು, ಕ್ರಯವಿಕ್ರಯಗಳ ವಿವಾದವು ಬೇರೆ, ದಾನದ ವಿಚಾರವು ಬೇರೆ. ಹೀಗೆ ಬೇರೆಬೇರೆಯಾಗಿ ಇಟ್ಟುದಕ್ಕೆ ಕಾರಣವುಂಟು. ಒಂದೊಂದರಲ್ಲಿಯೂ ಹಣದ ಧರ್ಮವು ಬೇರೆ. ನಿಕ್ಷೇಪವನ್ನು ಇಟ್ಟುಕೊಂಡವನು ಬಳಸಕೂಡದು. ಕೇಳಿದಾಗ ಹಾಗೆಯೇ ಹಿಂದಿರುಗಿಸತಕ್ಕದ್ದು. ಸಾಲವನ್ನು ಬಳಸಬಹುದು, ಆದರೆ ಬಡ್ಡಿಯೊಡನೆ ತೀರಿಸಬೇಕು. ಪಾಲುಗಾರಿಕೆಯಲ್ಲಿ ಲಾಭಕ್ಕೂ ನಷ್ಟಕ್ಕೂ ಪಾಲುಂಟು. ದಾನವನ್ನು ಮರಳಿ ಕೇಳುವಂತಿಲ್ಲ.

ಹಾಗಾದರೆ ಬಾರದ ಕಾರಿಗಾಗಿ ಕೊಟ್ಟ ಮುಂಗಡವು ಇವುಗಳಲ್ಲಿ ಯಾವುದು? ಕೊಡುವವನು ಕೊಟ್ಟದ್ದು ಕ್ರಯದ್ರವ್ಯವೆಂದು. ಕಂಪೆನಿಯು ಅದನ್ನು ವೆಚ್ಚಮಾಡುವುದು ಪಾಲುಗಾರನ ಬಂಡವಾಳದಂತೆ. ದಿವಾಳಿಯ ಕಾಲಕ್ಕೆ ಅದನ್ನು ಎಣಿಸುವುದು ಒತ್ತೆಯಿಲ್ಲದ ಸಾಲವೆಂದು. ಕೊನೆಗೆ ಏನೂ ಬಾರದಿದ್ದಾಗ ‘ಒಳ್ಳೆಯ ಕಾರ್ಯಕ್ಕೆ ಕೊಟ್ಟೆನು’ ಎಂದು ಸಮಾಧಾನ ಹೇಳಿಕೊಳ್ಳುವುದು ದಾನವೆಂದು. ಪಾಲುಗಾರನ ನಷ್ಟವನ್ನು ಹೊತ್ತವನಿಗೆ ಪಾಲುಗಾರನ ಲಾಭದ ಹಕ್ಕು ಎಂದೂ ಇರಲಿಲ್ಲ. ನನ್ನ ಎಣಿಕೆಯಲ್ಲಿ ಅಧರ್ಮವು ನಿಜವಾಗಿ ಇರುವುದು ಇಲ್ಲಿ. ಗಾಡಿಯು ಓಡದೆ ಹೋದುದರಲ್ಲಿ ಅಲ್ಲ. ಹಣಕ್ಕೆ ಹೆಸರನ್ನು ಬದಲಾಯಿಸುತ್ತ ಹೋದುದರಲ್ಲಿ. 2023ರಲ್ಲಿ ಆಪ್ಟೆರಾ ಕಂಪೆನಿಯು ಹತ್ತು ಸಾವಿರ ಡಾಲರು ಅಥವಾ ಅದಕ್ಕಿಂತ ಹೆಚ್ಚು ಹೂಡಿದವರಿಗೆ ಮೊದಲ ಎರಡು ಸಾವಿರ ಗಾಡಿಗಳ ಸಾಲಿನಲ್ಲಿ ಸ್ಥಾನವನ್ನು ಕೊಡುವ ಏರ್ಪಾಡನ್ನು ಮಾಡಿತು. ಅವರನ್ನು ಷೇರುದಾರರನ್ನಾಗಿ ಮಾಡಿಕೊಂಡುದರಿಂದ ಇದು ಒಂದು ದೃಷ್ಟಿಯಲ್ಲಿ ಹೆಚ್ಚು ಪ್ರಾಮಾಣಿಕವಾದುದು. ಆದರೂ ಗಿರಾಕಿಯ ಆಸೆಯನ್ನು ಪಾಲುಗಾರನ ಹಣದ ಚೀಲಕ್ಕೆ ಕಟ್ಟಿದ ಆ ಗಂಟನ್ನು ಬಿಚ್ಚಿ ನೋಡದೆ ಹಣ ಹಾಕುವುದು ವಿವೇಕವಲ್ಲ.

ಇಲ್ಲಿ ಒಂದು ಆಕ್ಷೇಪವು ಏಳಬಹುದು. ‘ಇವರು ಕೇವಲ ಲಾಭಕ್ಕಾಗಿ ಹೊರಟವರಲ್ಲ, ಹೊಗೆಯಿಂದ ಕೆಡುತ್ತಿರುವ ಭೂಮಿಯನ್ನು ಉಳಿಸಲು ಹೊರಟವರು. ಉದ್ದೇಶದ ಹಿರಿಮೆಯಿಂದ ದೋಷವು ಕಡಮೆಯಾಗದೇ?’ ಕಡಮೆಯಾಗದು; ಹೆಚ್ಚಾಗುತ್ತದೆ. ಸಾಧಾರಣ ವ್ಯಾಪಾರಿಯ ಮಾತನ್ನು ಕೇಳುವವನು ಅರ್ಧವನ್ನು ಕಳೆದೇ ಕೇಳುತ್ತಾನೆ. ಧರ್ಮದ ಹೆಸರಿನಲ್ಲಿ ಬಂದವನ ಮಾತನ್ನಾದರೋ ಪೂರ್ತಿಯಾಗಿ ನಂಬುತ್ತಾನೆ. ತನ್ನ ಎಚ್ಚರವನ್ನು ಅವನ ಕಾಲ ಬಳಿ ಇಟ್ಟು ಕೇಳುತ್ತಾನೆ. ಒಂದು ಸಲ ಈ ನಂಬಿಕೆಯು ಮುರಿದರೆ, ನಾಳೆ ನಿಜವಾಗಿ ಸಮರ್ಥನಾದವನೊಬ್ಬನು ಅದೇ ಸತ್ಕಾರ್ಯಕ್ಕಾಗಿ ಬಂದಾಗ ಬಾಗಿಲುಗಳು ಮುಚ್ಚಿರುತ್ತವೆ. ಹೀಗಾಗಿ ಸದುದ್ದೇಶವುಳ್ಳವನ ವಚನಭಂಗದಿಂದ ಹಣ ಕೊಟ್ಟವನೊಬ್ಬನಿಗೇ ಅಲ್ಲ, ಆ ಉದ್ದೇಶಕ್ಕೂ ಹಾನಿ.

‘ಕಾರು ಬಾರದಿದ್ದರೂ ವಿದ್ಯೆಯು ಉಳಿಯಿತಲ್ಲ, ಸೌರಫಲಕಗಳು ಬಸ್ಸುಗಳ ಮೇಲೇರಿದುವಲ್ಲ’ ಎಂಬ ಮಾತೂ ಉಂಟು. ವಿದ್ಯೆಯು ಉಳಿದುದು ನಿಜ, ಅದು ಸಣ್ಣ ಲಾಭವೂ ಅಲ್ಲ. ಆದರೆ ಕರುವಿಗೆಂದು ಹಣ ಕೊಟ್ಟವನಿಗೆ ‘ಕೊಟ್ಟಿಗೆಯು ಚೆನ್ನಾಗಿದೆ ನೋಡು’ ಎಂದು ತೋರಿಸಿದರೆ ಅವನ ಋಣವು ತೀರುವುದಿಲ್ಲ. ಗೌತಮನ ನ್ಯಾಯಸೂತ್ರಗಳಲ್ಲಿ ಇಪ್ಪತ್ತೆರಡು ನಿಗ್ರಹಸ್ಥಾನಗಳು ಹೇಳಲ್ಪಟ್ಟಿವೆ. ವಾದಿಯು ಸೋತನೆಂದು ಸಭೆಯು ತೀರ್ಮಾನಿಸತಕ್ಕ ಎಡೆಗಳವು. ತನ್ನ ಪಕ್ಷಕ್ಕೆ ಆಪತ್ತು ಬಂದಾಗ ಮತ್ತೊಂದು ಪ್ರತಿಜ್ಞೆಯನ್ನು ಮುಂದೆ ತರುವುದು ಪ್ರತಿಜ್ಞಾಂತರ; ಹೇಳಿದುದನ್ನೇ ಬಿಟ್ಟುಬಿಡುವುದು ಪ್ರತಿಜ್ಞಾಸಂನ್ಯಾಸ. ಮೊದಲ ಕಾರನ್ನು ಬಿಟ್ಟು ಎರಡನೆಯದನ್ನು ತೋರಿಸುವುದೂ, ಕಾರನ್ನೇ ಬಿಟ್ಟು ಫಲಕವನ್ನು ತೋರಿಸುವುದೂ ಇವೇ. ಇವು ಪಾಪಗಳಲ್ಲ, ಸೋಲುಗಳು. ಆದರೆ ಸೋಲನ್ನು ಸೋಲೆಂದು ಹೇಳದೆ ‘ದಿಕ್ಕನ್ನು ಬದಲಾಯಿಸಿದೆವು’ ಎಂದು ಹೇಳುವಲ್ಲಿ ಸತ್ಯವು ಮುಕ್ಕಾಗುತ್ತದೆ. ಈ ವಿಷಯದಲ್ಲಿ, ಮುಳುಗುವ ಮೊದಲೇ ಮುಂಗಡಗಳನ್ನು ಹಿಂದಿರುಗಿಸಿದ 2011ರ ಆಪ್ಟೆರಾದ ನಡತೆಯು ಮೆಚ್ಚತಕ್ಕದ್ದು. ಅದು ಸೋತಿತು, ವಚನಭ್ರಷ್ಟವಾಗಲಿಲ್ಲ.

ನಮ್ಮ ಮೈನಿಯವರ ನಡೆಯನ್ನೂ ಇಲ್ಲಿ ನೆನೆಯಬಹುದು. ವಿದ್ಯಾರ್ಥಿಯಾಗಿ ಸೌರವಾಹನದೊಡನೆ ಕೆಲಸಮಾಡಿದ ಅವರು, 2001ರಲ್ಲಿ ಬೆಂಗಳೂರಿನಿಂದ ಮಾರಾಟಕ್ಕೆ ತಂದ ‘ರೇವಾ’ ಕಾರಿಗೆ ಸೂರ್ಯನ ಹೆಸರನ್ನು ಕಟ್ಟಲಿಲ್ಲ. ಮನೆಯ ಪ್ಲಗ್ಗಿನಿಂದ ವಿದ್ಯುತ್ತನ್ನು ತುಂಬಿ, ಒಂದು ಸಲಕ್ಕೆ ಸುಮಾರು 80 ಕಿಲೋಮೀಟರು ಓಡುವ ಸಣ್ಣ ಗಾಡಿಯದು. ಅದರ ಗುಣದೋಷಗಳೇನೇ ಇರಲಿ, ಪ್ರಯೋಗಶಾಲೆಯ ಕನಸು ಯಾವುದು, ಅಂಗಡಿಯಲ್ಲಿ ಇಡತಕ್ಕ ಸರಕು ಯಾವುದು ಎಂಬ ವಿವೇಕವು ಅಲ್ಲಿತ್ತು.

ಇನ್ನು ಸಿದ್ಧಾಂತ. ಹೊಸದನ್ನು ಕಟ್ಟುವವನು ಆಸೆಯನ್ನು ಸಾರುವುದು ದೋಷವಲ್ಲ. ಅದನ್ನು ನಿಷೇಧಿಸಿದರೆ ಲೋಕವು ನಿಂತಲ್ಲೇ ನಿಲ್ಲುವುದು. ಆದರೆ ತನ್ನ ಪ್ರತಿಜ್ಞೆಯು ವಚನವೋ ಪಕ್ಷವೋ ಎಂಬುದನ್ನು ಹಣ ಮುಟ್ಟುವ ಮೊದಲೇ, ಆಸೆಯನ್ನು ಸಾರಿದಷ್ಟೇ ದೊಡ್ಡ ದನಿಯಲ್ಲಿ ಅವನು ಹೇಳತಕ್ಕದ್ದು. ವಚನವಾದರೆ ಹಣವನ್ನು ನಿಕ್ಷೇಪದಂತೆ ಬೇರೆಯಾಗಿಟ್ಟು, ವಸ್ತುವನ್ನು ಕೊಟ್ಟ ಮೇಲೆ ಮುಟ್ಟಬೇಕು. ಪಕ್ಷವಾದರೆ ಕೊಟ್ಟವನನ್ನು ಪಾಲುಗಾರನೆಂದು ಬರೆದುಕೊಂಡು, ಗೆದ್ದಾಗ ಲಾಭದಲ್ಲಿಯೂ ಪಾಲನ್ನು ಕೊಡಬೇಕು. ಸೋಲು ಕಣ್ಣಿಗೆ ಕಂಡ ದಿನವೇ ಅದನ್ನು ಸಾರಬೇಕು. ಉಳಿದ ಹಣವು ಮುಗಿದ ದಿನವಲ್ಲ.

ಹಣ ಕೊಡುವವನಿಗೂ ಧರ್ಮವುಂಟು. ಆಸೆಯು ತನ್ನದು, ಅದನ್ನು ಪರರ ತಲೆಗೆ ಕಟ್ಟಬಾರದು. ಮಗಳ ಮದುವೆಗೂ ಮಕ್ಕಳ ಓದಿಗೂ ಇಟ್ಟುದನ್ನು ಬಾವಿಗೆ ಸುರಿದು, ನೀರು ಬಾರದಾಗ ಕೊರೆದವನನ್ನು ಶಪಿಸುವುದು ಗೃಹಸ್ಥನಿಗೆ ಒಪ್ಪುವುದಲ್ಲ. ಇಂಥ ಉದ್ಯಮಗಳು ನಮ್ಮ ದೇಶದಲ್ಲಿಯೂ ತಲೆಯೆತ್ತುತ್ತಿವೆ. ನಾಳೆ ನಮ್ಮ ಮನೆಗಳ ಬಾಗಿಲಿಗೂ ಬಂದಾವು. ಬಂದವರನ್ನು ಗದರಿಸಿ ಕಳುಹಬೇಕಾದುದಿಲ್ಲ. ಕುಳ್ಳಿರಿಸಿ, ನೀರು ಕೊಟ್ಟು, ಮೂರು ಮಾತನ್ನು ಕೇಳಿದರೆ ಸಾಕು: ‘ಅಯ್ಯಾ, ನೀನು ಕೊಡುತ್ತಿರುವುದು ಮಾತೋ, ಮಂಡಿಸುತ್ತಿರುವುದು ವಾದವೋ? ನಾನು ಕೊಡುವ ಹಣದ ಹೆಸರೇನು? ಸೋತರೆ ಯಾವ ದಿನ ನನಗೆ ತಿಳಿಸುವೆ?’ ಈ ಮೂರಕ್ಕೂ ತಡವರಿಸದೆ ಉತ್ತರ ಕೊಡಬಲ್ಲವನಿಗೆ, ನಮ್ಮ ಶಕ್ತಿಯಿದ್ದಷ್ಟು ಕೊಡೋಣ; ಆಮೇಲೆ ಅವನು ಸೋತರೂ ಅವನ ಮೇಲೆ ನಮಗೆ ದೂರಿರದು.